ಸಂಗಾತಿ ವೀಸಾ ಎನ್‌ವಿಸಿಯಲ್ಲಿದೆ, ಇಲ್ಲಿ ಅಪ್ಪನಿಗೆ ಸ್ಟ್ರೋಕ್ ಆಗಿದೆ. ಒಂದೂವರೆ ವರ್ಷ ಮುಂದೂಡಬಹುದಾ?

ನಾಪೋಕ್ಲು_ತೋಟದಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಆದರೆ ಪೂರ್ತಿ ಹೇಳದಿದ್ದರೆ ನನ್ನ ಗೊಂದಲ ಅರ್ಥ ಆಗುವುದಿಲ್ಲ.

ನನ್ನ ಮದುವೆ ಆಗಿದ್ದು 2024ರ ಮೇ ತಿಂಗಳಲ್ಲಿ. ಗಂಡನ ಮನೆಯವರು ಮೂಲ ಅಮ್ಮತ್ತಿ ಕಡೆಯವರು. ಅವರು ಚಿಕ್ಕವರಿದ್ದಾಗಲೇ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಹೋದವರು, ಈಗ ಅಲ್ಲಿನ ಪೌರರು. ಮದುವೆ ಆದ ಮುಂದಿನ ತಿಂಗಳೇ ನನಗಾಗಿ ಐ-130, ಅಂದರೆ ಸಂಗಾತಿಯನ್ನು ಕರೆಸಿಕೊಳ್ಳುವ ಅರ್ಜಿ, ಹಾಕಿದರು. 2025ರ ಆಗಸ್ಟ್‌ನಲ್ಲಿ ಅದು ಪಾಸಾಗಿ ಕೇಸ್ ಎನ್‌ವಿಸಿಗೆ, ಅಂದರೆ ಇಂಟರ್‌ವ್ಯೂಗೆ ಮುಂಚೆ ಶುಲ್ಕ, ಕಾಗದ ನೋಡುವ ನ್ಯಾಷನಲ್ ವೀಸಾ ಸೆಂಟರ್‌ಗೆ ಬಂತು. 325 ಡಾಲರ್, 120 ಡಾಲರ್, ಎರಡೂ ಶುಲ್ಕ ಕಟ್ಟಿ ಆಗಿದೆ. ವೀಸಾದ ಆನ್‌ಲೈನ್ ಅರ್ಜಿ ಡಿಎಸ್-260 ಅರ್ಧ ತುಂಬಿಸಿ ಇಟ್ಟಿದ್ದೆ. ಜನವರಿ ಫೆಬ್ರವರಿಗೆ ಹೋಗಬಹುದು ಅಂತ ಲೆಕ್ಕ ಹಾಕಿಕೊಂಡಿದ್ದೆವು.

ಅದೇ ಆಗಸ್ಟ್ ಕೊನೆಯಲ್ಲಿ ಅಪ್ಪ ಬೆಳಿಗ್ಗೆ ತೋಟಕ್ಕೆ ಹೋದವರು ಕಣದ ಹತ್ತಿರವೇ ಬಿದ್ದುಬಿಟ್ಟರು. ಸ್ಟ್ರೋಕ್. ಆ ದಿನ ಮಳೆ, ದಾರಿಯಲ್ಲಿ ಮರ ಬಿದ್ದಿತ್ತು, ಮಡಿಕೇರಿ ತಲುಪಿ ಅಲ್ಲಿಂದ ಮೈಸೂರಿಗೆ ಹೋಗುವಷ್ಟರಲ್ಲಿ ತುಂಬಾ ಹೊತ್ತಾಗಿಹೋಯಿತು. ಜೀವ ಉಳಿಯಿತು. ಬಲಗೈ ಬಲಗಾಲು ಇನ್ನೂ ಸರಿಯಾಗಿ ಬರುತ್ತಿಲ್ಲ, ಮಾತು ನಿಧಾನವಾಗಿ ವಾಪಸ್ ಬರುತ್ತಿದೆ. ಮನೆಯಲ್ಲಿ ಅವ್ವ ಮತ್ತು ನಾನು. ತಮ್ಮ ಮೈಸೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ, ಅವನನ್ನು ಓದು ಬಿಡಿಸುವ ಮಾತೇ ಇಲ್ಲ.

ತೋಟ ಹನ್ನೆರಡು ಎಕರೆ. ಹೆಚ್ಚಿನದು ರೋಬಸ್ಟಾ ಕಾಫಿ, ಸಿಲ್ವರ್ ಮರಗಳಿಗೆ ಕಾಳುಮೆಣಸು. ಹೋದ ವರ್ಷ ರೈಟರ್ (ತೋಟದ ಕೆಲಸ ನೋಡಿಕೊಳ್ಳುವವನು) ಬಿಟ್ಟು ಹೋದ ಮೇಲೆ ಅಪ್ಪನೇ ಎಲ್ಲ ನೋಡಿಕೊಳ್ಳುತ್ತಿದ್ದರು. ಜನವರಿಗೆ ಕೊಯ್ಲು ಶುರು, ಕೆಲಸದವರಿಗೆ ಈಗಲೇ ಮುಂಗಡ ಕೊಟ್ಟು ಹಿಡಿದಿಡಬೇಕು. ಕೊಯ್ಲು ಮುಗಿಯುತ್ತಿದ್ದಂತೆ ಸ್ಪ್ರಿಂಕ್ಲರ್, ಮೆಣಸು. ಈ ವರ್ಷ ಒಂದು ಕೊಯ್ಲು, ಮುಂದಿನ ವರ್ಷ ಇನ್ನೊಂದು, ಅಂದರೆ 2027ರ ಮಾರ್ಚ್‌ವರೆಗೂ ನಾನು ಇಲ್ಲಿ ಇರಲೇಬೇಕು ಅಂತ ನನಗೆ ಅನಿಸುತ್ತಿದೆ. ಅಷ್ಟರಲ್ಲಿ ತಮ್ಮನ ಓದು ಮುಗಿಯುವ ಹಂತಕ್ಕೆ ಬರುತ್ತದೆ.

ಗಂಡ ಬೇಜಾರು ಮಾಡಿಕೊಂಡಿಲ್ಲ. ಪಾಪ, ದಿನಾ ಅಪ್ಪನ ಜೊತೆ ವೀಡಿಯೋ ಕಾಲ್ ಮಾಡಿ ಮಾತಾಡಿಸುತ್ತಾರೆ. ಆದರೆ ಅವರ ಯೋಚನೆ ಬೇರೆ. "ಇಂಟರ್‌ವ್ಯೂ ಮುಗಿಸಿ ವೀಸಾ ಹಾಕಿಸಿಕೊಂಡು ಇಟ್ಟುಕೋ, ಆಮೇಲೆ ಯಾವಾಗ ಬೇಕೋ ಬಾ" ಅನ್ನುತ್ತಾರೆ. ಇಲ್ಲವಾದರೆ ತಾವೇ ಕೆಲಸ ಬಿಟ್ಟು ಒಂದು ವರ್ಷ ಇಲ್ಲಿಗೆ ಬಂದು ಇರುತ್ತೇನೆ ಅಂತಲೂ ಹೇಳುತ್ತಿದ್ದಾರೆ. ನನಗೆ ಗೊತ್ತಾಗಬೇಕಿರುವುದು ಇಷ್ಟು. ಈಗ ಎನ್‌ವಿಸಿಯಲ್ಲೇ ಕೇಸ್ ನಿಲ್ಲಿಸಿದರೆ ಅದು ರದ್ದಾಗುತ್ತದಾ? ವೀಸಾ ತೆಗೆದುಕೊಂಡು ಇಟ್ಟುಕೊಳ್ಳಬಹುದಾ? ಅವರು ಇಲ್ಲಿಗೆ ಬಂದರೆ ಏನಾದರೂ ತೊಂದರೆಯಾ? ಮತ್ತೆ ಮೊದಲಿಂದ ಐ-130 ಹಾಕುವ ಶಕ್ತಿ ನಮ್ಮಿಬ್ಬರಿಗೂ ಇಲ್ಲ.

---

ಗೋಣಿಕೊಪ್ಪ_ಅಕ್ಕ:

ತಂಗಿ, ಮೊದಲು ಒಂದು ಸಮಾಧಾನದ ಮಾತು. ನೀವು ನಿಂತಿರುವ ಜಾಗ ಕಾಯುವುದಕ್ಕೆ ಇರುವುದರಲ್ಲಿ ಒಳ್ಳೆಯ ಜಾಗ. ನಾನೂ ಅಲ್ಲೇ ಹದಿನಾಲ್ಕು ತಿಂಗಳು ಕಾದಿದ್ದೇನೆ. ನನ್ನದು ಹೆರಿಗೆ ವಿಷಯ, ನಿಮ್ಮಷ್ಟು ಕಷ್ಟದ್ದಲ್ಲ.

ಪಾಸಾದ ಐ-130ಗೆ ತಾನಾಗಿ ಮುಗಿಯುವ ತಾರೀಖು ಇಲ್ಲ. ನಿಮ್ಮ ಗಂಡ ಪೌರರಾದ್ದರಿಂದ ನಿಮಗೆ ಸರತಿಯೂ ಇಲ್ಲ, ತಡ ಮಾಡಿದರೆ ಹಿಂದೆ ಬೀಳುತ್ತೇನೆ ಅನ್ನುವ ಭಯ ಬೇಡ. ಅಪಾಯ ಇರುವುದು ಒಂದೇ ಕಡೆ, ಸುಮ್ನೆ ಕೂರುವುದರಲ್ಲಿ. ಎನ್‌ವಿಸಿಯಿಂದ ನೋಟಿಸ್ ಬಂದ ಮೇಲೆ ಒಂದು ವರ್ಷ ಪೂರ್ತಿ ನಿಮ್ಮ ಕಡೆಯಿಂದ ಏನೂ ಇಲ್ಲದಿದ್ದರೆ ಅವರು ಕೇಸ್ ಮುಚ್ಚುವ ಕ್ರಮ ಶುರು ಮಾಡಬಹುದು, ಕಾನೂನಿನಲ್ಲೇ ಹಾಗಿದೆ. ಮುಚ್ಚುವ ನೋಟಿಸ್ ಬಂದ ಮೇಲೂ ಎರಡು ವರ್ಷದೊಳಗೆ "ನಮ್ಮ ಕೈ ಮೀರಿದ ಕಾರಣ ಇತ್ತು" ಅಂತ ತೋರಿಸಿದರೆ ಮತ್ತೆ ಜೀವ ಕೊಡುತ್ತಾರೆ. ಆದರೆ ಅಲ್ಲಿಯವರೆಗೆ ಹೋಗುವುದೇ ಬೇಡ. ಮೊದಲಿಂದ ಹಾಕಬೇಕಾಗಿ ಬಂದರೆ ಐ-130ಗೆ ಈಗ ಆನ್‌ಲೈನ್‌ನಲ್ಲೇ 625 ಡಾಲರ್, ಮೇಲೆ ಅಷ್ಟೂ ತಿಂಗಳು ಮತ್ತೆ ಕಾಯಬೇಕು.

ನಾನು ಮಾಡಿದ್ದು ಹೇಳುತ್ತೇನೆ. ನಾಲ್ಕು ತಿಂಗಳಿಗೊಮ್ಮೆ ಪೋರ್ಟಲ್‌ಗೆ ಲಾಗಿನ್ ಆಗುತ್ತಿದ್ದೆ. ಅದರ ಜೊತೆಗೆ ಎನ್‌ವಿಸಿಯ ಪ್ರಶ್ನೆ ಕೇಳುವ ಫಾರ್ಮ್ ಇದೆಯಲ್ಲ, ಅದರಲ್ಲಿ ಕೇಸ್ ನಂಬರ್ ಹಾಕಿ "ಕುಟುಂಬದ ಕಾರಣಕ್ಕೆ ಕಾಗದ ಸಲ್ಲಿಸುವುದು ತಡವಾಗುತ್ತಿದೆ, ವೀಸಾ ಬೇಕಾಗಿಯೇ ಇದೆ, ಕೇಸ್ ತೆರೆದಿಡಿ" ಅಂತ ನಾಲ್ಕು ಸಾಲು ಬರೆಯುತ್ತಿದ್ದೆ. ದೊಡ್ಡ ಕಥೆ ಬೇಡ, ಆಸ್ಪತ್ರೆ ಕಾಗದ ಅವರು ಕೇಳುವವರೆಗೂ ಬೇಡ. ಅವರಿಂದ ಬಂದ ಉತ್ತರವನ್ನು ಪಿಡಿಎಫ್ ಮಾಡಿ ಗಂಡನಿಗೂ ಕಳಿಸಿ ಇಡಿ. ನಮ್ಮ ಕಡೆ ಜೂನ್ ಜುಲೈಯಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ, ಆದ್ದರಿಂದ ಲಾಗಿನ್ ವಿವರ ಅವರ ಹತ್ತಿರವೂ ಇರಲಿ. ಮಳೆಗಾಲಕ್ಕೆ ಬಿಟ್ಟು ಮರೆತು ಕೂರಬೇಡಿ.

ಇನ್ನೊಂದು, ಅರ್ಧ ತುಂಬಿದ ಡಿಎಸ್-260 ಹಾಗೇ ಇರಲಿ, ಸಲ್ಲಿಸಬೇಡಿ. ಒಮ್ಮೆ ಸಲ್ಲಿಸಿದರೆ ನೀವಾಗಿ ತಿದ್ದಲು ಬರುವುದಿಲ್ಲ, ಅವರೇ ತೆರೆದು ಕೊಡಬೇಕು. ಪೊಲೀಸ್ ಕ್ಲಿಯರೆನ್ಸ್ ಕೂಡ ಈಗ ಮಾಡಿಸಬೇಡಿ. ಎರಡು ವರ್ಷಕ್ಕೆ ಅದು ಹಳೆಯದಾಗುತ್ತದೆ, ಇಂಟರ್‌ವ್ಯೂ ಹೊತ್ತಿಗೆ ಮತ್ತೆ ಮೈಸೂರಿಗೆ ಓಡಬೇಕಾಗಬಹುದು. ಈ ಬಿಡುವಿನಲ್ಲಿ ಮಾಡಬಹುದಾದ ಕೆಲಸ ಅಂದರೆ ಹೆಸರು ಸರಿಮಾಡಿಕೊಳ್ಳುವುದು. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಮದುವೆ ಆದ ಮೇಲೆ ಅದೂ ಬದಲಾಗುತ್ತದೆ. ಜನನ ಪತ್ರದಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಒಂದು, ಮದುವೆ ಸರ್ಟಿಫಿಕೇಟ್‌ನಲ್ಲಿ ಇನ್ನೊಂದು. ನನಗೆ ಅದರಲ್ಲೇ ಎರಡು ತಿಂಗಳು ಹೋಯಿತು.

ಅಪ್ಪನ ಮಾತು ವಾಪಸ್ ಬರುತ್ತಿದೆ ಅಂದಿರಲ್ಲ, ಅದು ತುಂಬಾ ಒಳ್ಳೆಯ ಲಕ್ಷಣ.

---

ಸೋಮವಾರಪೇಟೆಯವನು:

ಅಕ್ಕ ಹೇಳಿದ್ದು ಸರಿ. ನಾನು ವೀಸಾ ಹಾಕಿಸಿಕೊಂಡು ಇಟ್ಟುಕೊಳ್ಳುವ ವಿಷಯಕ್ಕೆ ಮಾತ್ರ ಉತ್ತರ ಕೊಡುತ್ತೇನೆ, ಯಾಕೆಂದರೆ ನಾನು ಅದನ್ನೇ ಮಾಡಿ ಅನುಭವಿಸಿದವನು.

ವೀಸಾ ಇಟ್ಟುಕೊಳ್ಳುವ ವಸ್ತು ಅಲ್ಲ. ಮುಂಬೈಯಲ್ಲಿ ಇಂಟರ್‌ವ್ಯೂಗೆ ಮುಂಚೆ ಮೆಡಿಕಲ್ ಮಾಡಿಸುತ್ತಾರೆ. ಆ ಮೆಡಿಕಲ್ ವರದಿ ಸಾಮಾನ್ಯವಾಗಿ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, ವೀಸಾದ ಕೊನೆ ದಿನವನ್ನೂ ಅದಕ್ಕೇ ಕಟ್ಟುತ್ತಾರೆ. ಅಂದರೆ ಸ್ಟ್ಯಾಂಪ್ ಬಿದ್ದ ಮೇಲೆ ನಿಮ್ಮ ಕೈಯಲ್ಲಿ ಇರುವುದು ಹೆಚ್ಚೆಂದರೆ ಆರು ತಿಂಗಳು. ಅಷ್ಟರಲ್ಲಿ ಅಲ್ಲಿ ಇಳಿಯಬೇಕು.

ಹೆಂಡತಿ ಅಲ್ಲಿದ್ದಳು, ನಾನು ಇಲ್ಲಿ. ವೀಸಾ ಬಂದ ಎರಡನೇ ತಿಂಗಳು ನನ್ನ ಅಪ್ಪನಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ನಾನು ಐದನೇ ತಿಂಗಳ ಕೊನೆಯಲ್ಲಿ ಹೋಗಿ, ಹದಿನೆಂಟು ದಿನ ಇದ್ದು, ಗ್ರೀನ್ ಕಾರ್ಡ್ ವಿಳಾಸಕ್ಕೆ ಬರಲಿ ಅಂತ ಹೇಳಿ ವಾಪಸ್ ಬಂದೆ. ಅಪ್ಪನ ಜೊತೆ ಕೊನೆಯವರೆಗೂ ಇದ್ದೆ, ಅದಕ್ಕೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ. ಆದರೆ ಹನ್ನೊಂದು ತಿಂಗಳಾಗಿಹೋಗಿತ್ತು. ವಾಪಸ್ ಹೋದಾಗ ಏರ್‌ಪೋರ್ಟ್‌ನಲ್ಲಿ ಪಕ್ಕದ ಕೋಣೆಯಲ್ಲಿ ಕೂರಿಸಿ ಮೂರು ಗಂಟೆ ಪ್ರಶ್ನೆ. ಅಪ್ಪನ ಮರಣ ಪತ್ರ, ಆಸ್ಪತ್ರೆ ಬಿಲ್ಲು, ಎಲ್ಲಾ ತೋರಿಸಿದೆ. ಬಿಟ್ಟರು. ಆರು ತಿಂಗಳು ದಾಟಿ ಹೊರಗಿದ್ದರೆ ಪ್ರಶ್ನೆ ಬರುತ್ತದೆ, ಪೌರತ್ವಕ್ಕೆ ಎಣಿಸುವ ವಾಸದ ಲೆಕ್ಕವೂ ತುಂಡಾಗಬಹುದು. ಒಂದು ವರ್ಷ ದಾಟಿದರೆ ಆ ಕಾರ್ಡ್ ಹಿಡಿದು ಒಳಗೆ ಹೋಗಲು ಆಗುವುದಿಲ್ಲ. ರೀ-ಎಂಟ್ರಿ ಪರ್ಮಿಟ್ ಅಂತ ಇದೆ, ಐ-131, ಎರಡು ವರ್ಷದವರೆಗೆ ಕೊಡುತ್ತಾರೆ. ಆದರೆ ಅದಕ್ಕೆ ಅರ್ಜಿ ಹಾಕುವಾಗ ನೀವು ಅಮೆರಿಕದ ನೆಲದಲ್ಲೇ ಇರಬೇಕು. ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಹದಿನೆಂಟು ದಿನದಲ್ಲಿ ಹಾಕಿಬಿಡುತ್ತಿದ್ದೆ.

ನಿಮ್ಮದು ಒಂದೂವರೆ ವರ್ಷದ ಮಾತು. ಇಂಟರ್‌ವ್ಯೂಗೆ ಈಗ ಹೋಗಲೇಬೇಡಿ. ಮುಂದೂಡುವುದಿದ್ದರೆ ಮೆಡಿಕಲ್‌ಗೆ ಮುಂಚೆ ಮುಂದೂಡಿ.

ಮತ್ತೆ ಇದನ್ನು ಯಾರೂ ಹೇಳಿಲ್ಲ ಅನಿಸುತ್ತದೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಅಲ್ಲಿ ಇಳಿದರೆ ಸಿಆರ್-1, ಎರಡೇ ವರ್ಷದ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದೊಳಗೆ ಗಂಡ ಹೆಂಡತಿ ಸೇರಿ ಕಾರ್ಡ್ ಮುಂದುವರಿಸುವ ಅರ್ಜಿ ಐ-751 ಹಾಕಬೇಕು, ಮತ್ತೆ ಶುಲ್ಕ, ಮತ್ತೆ ಫೋಟೋ, ಬ್ಯಾಂಕ್ ಕಾಗದ, ಕಾಯುವುದು. ಎರಡು ವರ್ಷ ತುಂಬಿದ ಮೇಲೆ ಇಳಿದರೆ ಐಆರ್-1, ನೇರ ಹತ್ತು ವರ್ಷದ ಕಾರ್ಡ್. ಲೆಕ್ಕ ಇಳಿಯುವ ದಿನದ್ದು, ವೀಸಾ ಹಾಕಿದ ದಿನದ್ದಲ್ಲ. ನಿಮಗೆ 2026ರ ಮೇ ದಾಟಿದರೆ ಆಯಿತು. ನೀವು ಕಾಯುವುದರಿಂದ ಬರೀ ನಷ್ಟ ಅಂತ ಅಂದುಕೊಳ್ಳಬೇಡಿ.

---

ಕುಶಾಲನಗರ_ಡಾಲಸ್:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ.

ಗಂಡ ಕೆಲಸ ಬಿಟ್ಟು ಒಂದು ವರ್ಷ ಬರುತ್ತೇನೆ ಅನ್ನುವುದು ಪ್ರೀತಿಯ ಮಾತು, ಆದರೆ ನಿಮ್ಮ ಕೇಸ್‌ಗೆ ಅದೇ ಜಾಸ್ತಿ ತೊಂದರೆ. ಐ-864 ಅಂತ ಜವಾಬ್ದಾರಿ ಪತ್ರ ಅವರು ಕೊಡಬೇಕಲ್ಲ, ಅದಕ್ಕೆ ಅವರ ಆದಾಯ ಬಡತನ ರೇಖೆಯ 125% ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಮನೆಗೆ ವರ್ಷಕ್ಕೆ 26,437 ಡಾಲರ್. ಆದಾಯ ಕಡಿಮೆ ಆದರೆ ನಿಮ್ಮ ಮಾವ ಜಂಟಿ ಸ್ಪಾನ್ಸರ್ ಆಗಬಹುದು. ಆದರೆ ಐ-130 ಹಾಕಿದ ಗಂಡನ ವಾಸ ಅಮೆರಿಕದಲ್ಲಿ ಇರಬೇಕು ಅನ್ನುವ ನಿಯಮ ಮಾವನಿಂದ ತುಂಬುವುದಿಲ್ಲ. ಗಂಡ ಮನೆ ಖಾಲಿ ಮಾಡಿ, ಕೆಲಸ ಬಿಟ್ಟು ನಾಪೋಕ್ಲುವಿನಲ್ಲಿ ಕೂತರೆ ಇಂಟರ್‌ವ್ಯೂನಲ್ಲಿ "ನಿಮ್ಮ ಗಂಡ ವಾಪಸ್ ಹೋಗುತ್ತಾರೆ ಅನ್ನುವುದಕ್ಕೆ ಏನು ಆಧಾರ" ಅಂತ ಕೇಳುತ್ತಾರೆ. ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಅಲ್ಲಿ ಕೆಲಸದ ಪತ್ರ, ಎಲ್ಲ ಹೊಂದಿಸಬೇಕು. ಆಗದ ಮಾತಲ್ಲ. ಆದರೆ ರಜೆ ಹಾಕಿ ಎರಡು ಮೂರು ಸಲ ಬಂದು ಹೋಗುವುದು ಎಷ್ಟೋ ವಾಸಿ.

ಈಗ ನನ್ನ ಬೇರೆ ಮಾತು. ನಾನು ಎರಡು ವರ್ಷ ಮುಂದೂಡಿದವಳು. ಕಾಗದದಲ್ಲಿ ಏನೂ ತೊಂದರೆ ಆಗಲಿಲ್ಲ. ಆದರೆ ಮೊದಲು ಆರು ತಿಂಗಳು ಅಂದೆ, ಆಮೇಲೆ ಅಮ್ಮನ ಆಪರೇಷನ್ ಆಗಲಿ ಅಂದೆ, ಆಮೇಲೆ ತಂಗಿ ಮದುವೆ ಆಗಲಿ ಅಂದೆ. ಪ್ರತಿ ಸಲ ಕಾರಣ ನಿಜವೇ ಇತ್ತು. ಅಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು ತಿನ್ನುವವರಿಗೆ ಆ ಕಾರಣಗಳು ಒಂದರ ಮೇಲೊಂದು ಹೇಗೆ ಕೇಳಿಸುತ್ತವೆ ಅಂತ ನಾನು ಯೋಚಿಸಲಿಲ್ಲ. ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿ, ಅಲ್ಲಿಗೆ ಹೋದ ಮೇಲೆ ಅದನ್ನು ಸರಿಮಾಡಲು ಒಂದು ವರ್ಷ ಬೇಕಾಯಿತು. ಅದಕ್ಕೇ ಹೇಳುತ್ತೇನೆ, "ಅಪ್ಪ ಸರಿಹೋಗಲಿ" ಅಂತ ಅಲ್ಲ, ಇಂಥ ತಿಂಗಳು ಡಿಎಸ್-260 ಸಲ್ಲಿಸುತ್ತೇನೆ ಅಂತ ಇಬ್ಬರೂ ಸೇರಿ ತಿಂಗಳನ್ನೇ ಗೊತ್ತು ಮಾಡಿ. ಅಪ್ಪ ಅಷ್ಟರಲ್ಲಿ ಪೂರ್ತಿ ಸರಿಹೋಗದೆಯೂ ಇರಬಹುದು. ಆಗ ಏನು ಮಾಡುತ್ತೀರಿ ಅನ್ನುವುದನ್ನು ಈಗಲೇ ಮಾತಾಡಿ.

ನಡುವೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಬರುತ್ತೇನೆ ಅನ್ನುವ ಆಸೆ ಇದ್ದರೆ, ಐ-130 ಪಾಸಾಗಿರುವವರಿಗೆ ಅದು ಕಷ್ಟ. ಫಾರ್ಮ್‌ನಲ್ಲೇ ನಿಮಗಾಗಿ ಯಾರಾದರೂ ಇಮಿಗ್ರೆಂಟ್ ಅರ್ಜಿ ಹಾಕಿದ್ದಾರಾ ಅಂತ ಕೇಳುತ್ತಾರೆ. ನಿಜವನ್ನೇ ಬರೆಯಬೇಕು, ಅಲ್ಲಿ ಸುಳ್ಳು ಬರೆದರೆ ದೊಡ್ಡ ವೀಸಾಕ್ಕೇ ಕುತ್ತು.

---

ಹಳೇ_ಪಟ್ಟೇದಾರ:

ಮಗಳೇ, ವೀಸಾ ವಿಷಯ ನನಗೆ ಗೊತ್ತಿಲ್ಲ. ನನ್ನ ಇಬ್ಬರು ಮಕ್ಕಳು ಹೊರಗಿದ್ದಾರೆ, ಅವರ ತೋಟದ ಕಾಗದ ನೋಡಿ ನೋಡಿ ಕಲಿತದ್ದು ಹೇಳುತ್ತೇನೆ.

ಅಪ್ಪ ತೋಟದಲ್ಲಿ ಒಂದು ಭಾಗ ನಿನ್ನ ಹೆಸರಿಗೆ ಮಾಡಬೇಕು ಅಂತ ಇದ್ದರೆ ನೀನು ಇಲ್ಲಿ ಇರುವಾಗಲೇ ಅದು ಆಗಬೇಕು. ಹೊರಗೆ ನೆಲೆಸಲು ಹೋದವರು ಫೆಮಾ (ವಿದೇಶಿ ವಿನಿಮಯ) ಕಾನೂನಿನ ಪ್ರಕಾರ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಆಮೇಲೆ ಪಿತ್ರಾರ್ಜಿತವಾಗಿ ಬಂದರೆ ಸರಿ. ಇಲ್ಲಿದ್ದಾಗ ಪಡೆದದ್ದನ್ನು ಹೋದ ಮೇಲೂ ಇಟ್ಟುಕೊಳ್ಳಬಹುದು. ಇದನ್ನು ತುಂಬಾ ಜನ ತಡವಾಗಿ ತಿಳಿದುಕೊಂಡು ಪರದಾಡುವುದನ್ನು ನೋಡಿದ್ದೇನೆ. ನಿಮ್ಮದು ಜಮ್ಮಾ, ಅಂದರೆ ಕೊಡಗಿನ ಹಳೆಯ ಮನೆತನದ ಹಿಡುವಳಿ, ಆಗಿದ್ದರೆ ಮಾತೇ ಬೇರೆ, ಅಲ್ಲಿ ಒಕ್ಕದವರ, ಅಂದರೆ ಇಡೀ ಮನೆತನದವರ ಹಕ್ಕು ಇರುತ್ತದೆ, ಮನೆತನದ ಯಜಮಾನರಾದ ಪಟ್ಟೇದಾರರ ಹೆಸರಿನಲ್ಲಿ ಕಾಗದ ಇರುತ್ತದೆ. ವಿರಾಜಪೇಟೆಯಲ್ಲೋ ಮಡಿಕೇರಿಯಲ್ಲೋ ಜಮ್ಮಾ ಗೊತ್ತಿರುವ ವಕೀಲರನ್ನೇ ಹಿಡಿ, ಮೈಸೂರಿನವರಿಗೆ ಇದು ತಿಳಿಯುವುದಿಲ್ಲ.

ಬ್ಯಾಂಕು, ಕಾಫಿ ಮಾರಾಟ, ಇವಕ್ಕೆ ಅಪ್ಪನ ಸಹಿ ಬೇಕಾಗುತ್ತದೆ. ಬಲಗೈ ಬಾರದಿದ್ದರೆ ಈಗಲೇ ಅವ್ವನ ಹೆಸರಿಗೆ ಅಧಿಕಾರ ಪತ್ರ ಮಾಡಿಸು. ಅವರಿಗೆ ಅರಿವು ಚೆನ್ನಾಗಿ ಇದ್ದರೆ ಹೆಬ್ಬೆಟ್ಟು ಒತ್ತಿಯೂ ಸಬ್ ರಿಜಿಸ್ಟ್ರಾರ್ ಮುಂದೆ ಮಾಡಬಹುದು. ಮುಂದೆ ನೀನು ಅಲ್ಲಿಂದ ಯಾರಿಗಾದರೂ ಅಧಿಕಾರ ಪತ್ರ ಕಳಿಸಬೇಕಾದರೆ ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು, ನೆನಪಿರಲಿ.

ಮತ್ತೆ ಒಬ್ಬಳೇ ಎಲ್ಲ ಹೊರಬೇಡ. ಒಳ್ಳೆಯ ರೈಟರ್ ಸಿಕ್ಕಿದರೆ ಸಂಬಳ ಸ್ವಲ್ಪ ಜಾಸ್ತಿ ಕೇಳಿದರೂ ಇಟ್ಟುಕೋ. ನೀನು ಹೋದ ಮೇಲೆ ಅವನೇ ಇರಬೇಕಾದವನು, ಆದ್ದರಿಂದ ಈ ಎರಡು ಕೊಯ್ಲು ಅವನಿಗೆ ಕೆಲಸ ಕಲಿಸಲು ಅಂತ ಇಟ್ಟುಕೋ.

---

ನಾಪೋಕ್ಲು_ತೋಟದಮನೆ:

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಿನ್ನೆ ರಾತ್ರಿ ಈ ಉತ್ತರಗಳನ್ನೆಲ್ಲ ಗಂಡನಿಗೆ ಓದಿ ಹೇಳಿದೆ. ಡಾಲಸ್ ಅಕ್ಕನ ಮಾತು ಓದುವಾಗ ಇಬ್ಬರಿಗೂ ಅಳು ಬಂತು. ಅವರು ಒಬ್ಬರೇ ಅಡುಗೆ ಮಾಡಿಕೊಂಡು ತಿನ್ನುತ್ತಿದ್ದಾರೆ ಅನ್ನುವುದನ್ನು ನಾನು ಒಂದು ತಿಂಗಳಿಂದ ಕೇಳಿಯೇ ಇರಲಿಲ್ಲ.

ಹೀಗೆ ಮಾಡೋಣ ಅಂತ ಮಾತಾಗಿದೆ. ಅವರು ಕೆಲಸ ಬಿಡುವುದಿಲ್ಲ. ಪುತ್ತರಿ ಹಬ್ಬಕ್ಕೆ ಮೂರು ವಾರ ಬರುತ್ತಾರೆ, ಆಮೇಲೆ ಮೇ ತಿಂಗಳಲ್ಲಿ ಇನ್ನೊಂದು ಸಲ. ಇಂಟರ್‌ವ್ಯೂ, ಮೆಡಿಕಲ್ ಯಾವುದೂ ಈಗ ಬೇಡ. 2026ರ ಆಗಸ್ಟ್‌ನಲ್ಲಿ ಡಿಎಸ್-260 ಸಲ್ಲಿಸುವುದು, ಪೊಲೀಸ್ ಕ್ಲಿಯರೆನ್ಸ್ ಅದೇ ತಿಂಗಳು. ಕಾಗದ ನೋಡಿ ಇಂಟರ್‌ವ್ಯೂ ತಾರೀಖು ಕೊಡಲು ಹೇಗೂ ಕೆಲವು ತಿಂಗಳು ಹೋಗುತ್ತದೆ, ಮುಂದಿನ ಕೊಯ್ಲು ಮುಗಿಯುವ ಹೊತ್ತಿಗೆ ಸರಿಹೋಗಬಹುದು. ತಾರೀಖು ಬೇಗ ಬಂದರೂ ವೀಸಾ ಆದ ಮೇಲೆ ಆ ಆರು ತಿಂಗಳು ಇದೆಯಲ್ಲ. ಅಪ್ಪ ಅಷ್ಟರಲ್ಲಿ ಎದ್ದು ಓಡಾಡದಿದ್ದರೂ ನಾನು ಹೋಗುವುದು ಅಂತ ನಿನ್ನೆ ಅವರಿಗೆ ಹೇಳಿದೆ. ಹೇಳಲು ಕಷ್ಟವಾಯಿತು. ಬೆಳಿಗ್ಗೆ ಅಪ್ಪನಿಗೂ ಹೇಳಿದೆ. ಅವರು ಎಡಗೈಯಲ್ಲಿ ನನ್ನ ಕೈ ಹಿಡಿದು "ಹೋಗು, ಹೋಗು" ಅಂದರು. ಆ ಎರಡು ಮಾತು ಸ್ಪಷ್ಟವಾಗಿ ಬಂತು.

ಎನ್‌ವಿಸಿಗೆ ಸಂದೇಶ ಇವತ್ತು ಮಧ್ಯಾಹ್ನ ಕಳಿಸಿದೆ. ಪಟ್ಟೇದಾರರೇ, ನಮ್ಮದರಲ್ಲಿ ನಾಲ್ಕು ಎಕರೆ ಮಾತ್ರ ಜಮ್ಮಾ, ಉಳಿದದ್ದು ಅಪ್ಪ ಕೊಂಡದ್ದು. ಸೋಮವಾರ ಮಡಿಕೇರಿಗೆ ಹೋಗಿ ವಕೀಲರನ್ನು ನೋಡುತ್ತೇನೆ. ರೈಟರ್‌ಗೆ ಮೂರ್ನಾಡಿನಲ್ಲಿ ಒಬ್ಬರ ಹತ್ತಿರ ಹೇಳಿಟ್ಟಿದ್ದೇನೆ.

ಗೋಣಿಕೊಪ್ಪ ಅಕ್ಕ, ಒಂದೇ ಒಂದು ಪ್ರಶ್ನೆ. ಎನ್‌ವಿಸಿಯಿಂದ ನಿಮಗೆ ಉತ್ತರ ಬರಲು ಎಷ್ಟು ದಿನ ಹಿಡಿಯಿತು?

---

ಗೋಣಿಕೊಪ್ಪ_ಅಕ್ಕ:

ನನಗೆ ಮೊದಲ ಸಲ ಒಂಬತ್ತು ದಿನ, ಎರಡನೇ ಸಲ ಮೂರು ವಾರ. ಸ್ಪ್ಯಾಮ್ ಫೋಲ್ಡರ್ ಕೂಡ ನೋಡುತ್ತಿರಿ, ನನ್ನದು ಅಲ್ಲಿಗೇ ಬಂದಿತ್ತು. ತಿಂಗಳಾದರೂ ಬಾರದಿದ್ದರೆ ಅದೇ ಫಾರ್ಮ್‌ನಲ್ಲಿ ಇನ್ನೊಮ್ಮೆ ಬರೆಯಿರಿ, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಪ್ಪನ ಫಿಸಿಯೋಥೆರಪಿ ಕೊಯ್ಲಿನ ಗಡಿಬಿಡಿಯಲ್ಲಿ ಒಂದು ದಿನವೂ ತಪ್ಪಿಸಬೇಡಿ, ನಮ್ಮ ಮಾವನಿಗೆ ಮೊದಲ ಆರು ತಿಂಗಳಲ್ಲೇ ಕೈ ವಾಪಸ್ ಬಂದದ್ದು.